ರಾತ್ರಿ ಊಟ ಆದಮೇಲೆ ಒಂದು ಮಾತ್ರೆ

ನನ್ನ ಬಾಯಿ ಜೋರು ಅಂತ ನಂಜನಗೂಡಿನ ನಮ್ಮ ಬೀದಿಗೆಲ್ಲ ಗೊತ್ತು. ತರಕಾರಿ ಗಾಡಿಯವನಿಗೂ ಗೊತ್ತು, ನಲ್ಲಿ ನೀರು ಬಿಡುವವನಿಗೂ ಗೊತ್ತು. ಮೂವತ್ತು ವರ್ಷ ಜೊತೆಗೆ ಸಂಸಾರ ಮಾಡಿದ ನಮ್ಮ ಯಜಮಾನರು ಪುಟ್ಟಬಸವಯ್ಯನವರನ್ನಂತೂ ಕೇಳಲೇಬೇಡಿ. ಇಂಥ ಮಂಗಳಗೌರಿ ಒಡಹುಟ್ಟಿದ ಅಣ್ಣನ ಜೊತೆ ಒಂಬತ್ತು ವರ್ಷ ಒಂದು ಮಾತೂ ಆಡದೆ ಇದ್ದಳು ಅಂದರೆ ಯಾರೂ ನಂಬುವುದಿಲ್ಲ. ಆದರೂ ಅದು ನಿಜ. ನಾನೂ ಆಡಲಿಲ್ಲ, ಅವನೂ ಆಡಲಿಲ್ಲ.

ಅಣ್ಣ ಗುರುಮಲ್ಲಪ್ಪ ಇರುವುದು ಟಿ. ನರಸೀಪುರದಲ್ಲಿ, ನಾವು ಹುಟ್ಟಿದ ಮನೆಯಲ್ಲೇ. ಮನೆ ಪಕ್ಕದಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದಾನೆ. ಬಸ್ಸಿನಲ್ಲಿ ಕೂತರೆ ಒಂದು ಗಂಟೆಯ ದಾರಿ. ತೊಂಬತ್ತೇಳನೇ ಇಸವಿಯಲ್ಲಿ ಅವ್ವ ತೀರಿಕೊಂಡ ದಿನ ಆ ಒಂದು ಗಂಟೆಯ ದಾರಿ ನನಗೆ ಸಾಗಲೇ ಇಲ್ಲ. ಪಕ್ಕದ ಮನೆಗೆ ಫೋನು ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಯಜಮಾನರು ತಾಂಡ್ಯದ ಫ್ಯಾಕ್ಟರಿಯಲ್ಲಿ ಡ್ಯೂಟಿಯಲ್ಲಿದ್ದರು. ಅವರಿಗೆ ಹೇಳಿಕಳಿಸಿ, ಅವರು ಬಂದು, ಬಸ್ಸು ಸಿಕ್ಕಿ, ನಡುದಾರಿಯಲ್ಲಿ ಆ ಬಸ್ಸಿನ ಟೈರು ಪಂಕ್ಚರ್ ಆಗಿ, ನಾನು ಮಣ್ಣು ಮಾಡುವ ನಮ್ಮ ತೋಟಕ್ಕೆ ಓಡಿ ಹೋದಾಗ ಹೊತ್ತು ಮುಳುಗುತ್ತಿತ್ತು. ಮಣ್ಣು ಮುಚ್ಚಿ, ಮೇಲೆ ಹೂವು ಹಾಕಿ ಆಗಿತ್ತು. ಹೊತ್ತಿರುವಾಗಲೇ ಮುಗಿಸಬೇಕು ಅಂತ ಹಿರಿಯರು ಆತುರ ಮಾಡಿದರಂತೆ. ಅಣ್ಣ ಆಗಲಿ ಅಂದನಂತೆ. ಅವ್ವನ ಮುಖ ನಾನು ನೋಡಲಿಲ್ಲ.

ಅಷ್ಟೂ ಜನರ ಎದುರಿಗೆ, ಮಠದ ಅಯ್ಯನವರ ಎದುರಿಗೆ ನಾನು ಕೂಗಿದೆ. ‘ಒಂದು ಗಂಟೆ ಕಾಯೋಕೆ ನಿನಗೆ ಆಗಲಿಲ್ಲ. ಇವತ್ತಿಗೆ ನನ್ನ ತವರು ಮುಗೀತು. ಇನ್ನು ಆ ಮನೆ ಹೊಸಿಲು ತುಳಿಯಲ್ಲ,’ ಅಂದೆ. ಅಣ್ಣ ತಲೆ ಎತ್ತಲಿಲ್ಲ. ಅವನು ತಿರುಗಿ ಒಂದು ಬೈದಿದ್ದರೆ ಅಲ್ಲಿಗೇ ಸರಿಹೋಗುತ್ತಿತ್ತೋ ಏನೋ. ನಾನು ಹೊಸಿಲು ತುಳಿಯದೆ ಅದೇ ಬಸ್ಸಿಗೆ ವಾಪಸ್ಸು ಬಂದೆ.

ಆ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರಲಿಲ್ಲ. ಹೇಗೆ ತಂದಾನು? ಆದರೆ ಹಬ್ಬವಾದ ನಾಲ್ಕು ದಿನಕ್ಕೆ ನರಸೀಪುರದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ನಂಜುಂಡ ಮನೆ ಹುಡುಕಿಕೊಂಡು ಬಂದು ಒಂದು ಕೈಚೀಲ ಕೊಟ್ಟ. ಒಳಗೆ ಎರಡು ಚಕ್ಕೋತ ಹಣ್ಣು. ಅವ್ವ ಹಿತ್ತಲಲ್ಲಿ ನೆಟ್ಟು ಬೆಳೆಸಿದ ಮರದ್ದು, ಒಂದೊಂದೂ ಮಗುವಿನ ತಲೆಯಷ್ಟಿತ್ತು. ಜೊತೆಗೆ ಚೀಟಿಯಿಲ್ಲ, ಮಾತಿಲ್ಲ. ತವರಿನಿಂದ ಬಂದದ್ದನ್ನು ವಾಪಸ್ಸು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತವರು ಮುಗಿಯಿತು ಅಂದವಳು ನಾನೇ. ಚೀಲಕ್ಕೆ ಕೈಚಾಚಿದವಳೂ ನಾನೇ.

ಆಮೇಲೆ ಪ್ರತಿ ವರ್ಷ ಅದೇ ನಡೆಯಿತು. ಗೌರಿ ಹಬ್ಬದಿಂದ ಸಂಕ್ರಾಂತಿಯವರೆಗೆ ಹದಿನೈದು ದಿನಕ್ಕೊಮ್ಮೆ ಎರಡೋ ಮೂರೋ ಹಣ್ಣು ಬರುತ್ತಿತ್ತು. ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತಿದ್ದೆ. ಅಕ್ಕಪಕ್ಕದವರಿಗೆ ಏನು ಬೇಕಾದರೂ ಕೊಟ್ಟೇನು, ಆ ಹಣ್ಣನ್ನು ಮಾತ್ರ ಒಂದು ತೊಳೆಯೂ ಕೊಡುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಕೂತು ಸಿಪ್ಪೆ ಬಿಡಿಸಿ, ತೊಳೆತೊಳೆಯಾಗಿ ಉಪ್ಪು ಖಾರ ಹಚ್ಚಿ ಒಬ್ಬಳೇ ತಿನ್ನುತ್ತಿದ್ದೆ. ತಿನ್ನುವಾಗ ಅವ್ವ ಪಕ್ಕದಲ್ಲಿ ಕೂತಿರುವಂತೆ ಅನ್ನಿಸುತ್ತಿತ್ತು. ಅಳುವೂ ಬರುತ್ತಿತ್ತು, ಖಾರ ಅಂತ ಯಜಮಾನರಿಗೆ ಸುಳ್ಳು ಹೇಳುತ್ತಿದ್ದೆ.

ಎರಡು ಸಾವಿರದ ಆರನೇ ಇಸವಿ ಜೂನ್ ತಿಂಗಳಲ್ಲಿ ಯಜಮಾನರ ಫ್ಯಾಕ್ಟರಿಯಲ್ಲಿ ಮನೆಯವರಿಗೂ ಸೇರಿಸಿ ಆರೋಗ್ಯ ತಪಾಸಣೆ ಮಾಡಿಸಿದರು. ಬೊಜ್ಜು ಬಂದ ಯಜಮಾನರಿಗೆ ಎಲ್ಲ ನಾರ್ಮಲ್. ಕಡ್ಡಿಯಂತೆ ಇರುವ ನನಗೆ ಕೊಲೆಸ್ಟ್ರಾಲ್ ಮುನ್ನೂರ ಹನ್ನೆರಡು. ನಮ್ಮ ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ನಂದಿತಾ ರಿಪೋರ್ಟು ನೋಡಿ, ‘ನಿಮ್ಮ ತಂದೆಗೆ ಏನಾಗಿತ್ತು?’ ಅಂತ ಕೇಳಿದರು.

‘ನಲವತ್ತೆಂಟಕ್ಕೇ ಹೋದರು ಡಾಕ್ಟ್ರೇ. ಗದ್ದೆ ಬದು ಮೇಲೆ ಕೂತವರು ಏಳಲೇ ಇಲ್ಲ.’

‘ಇದು ರಕ್ತದಲ್ಲೇ ಬರೋದು ಅಮ್ಮ. ಎಣ್ಣೆ ತುಪ್ಪ ಬಿಟ್ಟರೂ ಪೂರ್ತಿ ಇಳಿಯಲ್ಲ. ಒಡಹುಟ್ಟಿದವರು ಯಾರಿದ್ದಾರೆ?’

‘ಒಬ್ಬ ಅಣ್ಣ.’

‘ಅವರಿಗೂ ಟೆಸ್ಟ್ ಮಾಡಿಸಲೇಬೇಕು. ಇವತ್ತೇ ಹೇಳಿ.’

‘ಹೇಳ್ತೀನಿ,’ ಅಂದೆ. ನನ್ನ ಜನ್ಮದಲ್ಲಿ ಅಷ್ಟು ಸಲೀಸಾಗಿ ಬೇರೆ ಯಾವ ಸುಳ್ಳನ್ನೂ ಹೇಳಿಲ್ಲ.

ನನಗೆ ಸ್ಟಾಟಿನ್ ಜಾತಿಯ ಮಾತ್ರೆ ಬರೆದುಕೊಟ್ಟರು. ರಾತ್ರಿ ಊಟ ಆದಮೇಲೆ ಒಂದು. ರಿಪೋರ್ಟು ಸರಿಯಾಯಿತು ಅಂತ ನೀವೇ ನಿಲ್ಲಿಸಬಾರದು, ಬೇರೆ ಯಾವ ಔಷಧಿ ತಗೊಳ್ಳೋ ಮುಂಚೆಯೂ ನನ್ನ ಕೇಳಬೇಕು, ಕಾರಣವಿಲ್ಲದೆ ಮೈಕೈ ನೋವು ಬಂದರೆ, ಮೂತ್ರದ ಬಣ್ಣ ಕಪ್ಪಾದರೆ ಆ ಕ್ಷಣವೇ ಬರಬೇಕು ಅಂತ ಎರಡೆರಡು ಸಲ ಹೇಳಿದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಎರಡು ತಿಂಗಳಿಗೆ ಇನ್ನೂರ ಹತ್ತಕ್ಕೆ ಇಳಿಯಿತು. ಮೈಯಲ್ಲಿ ಒಂದು ನೋವಿಲ್ಲ. ರಾತ್ರಿ ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಮಾತ್ರ ಅಣ್ಣನ ನೆನಪಾಗುತ್ತಿತ್ತು. ಅವನು ಅಪ್ಪ ಸತ್ತ ವಯಸ್ಸನ್ನು ದಾಟಿ ಹತ್ತು ವರ್ಷವಾಗಿತ್ತು. ನಾಳೆ ಹೇಗಾದರೂ ಸುದ್ದಿ ಮುಟ್ಟಿಸೋಣ ಅಂದುಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದರೆ ಮತ್ತೆ ಅದೇ ಹಮ್ಮು.

ಆಗಸ್ಟ್ ಕೊನೆಗೆ ಗೌರಿ ಹಬ್ಬ ಬಂತು. ಹಿಂದೆಯೇ ಚಕ್ಕೋತವೂ ಬಂತು. ಆ ವರ್ಷ ಮರ ಮೈತುಂಬ ಬಿಟ್ಟಿತ್ತಂತೆ, ವಾರಕ್ಕೆ ಮೂರು ಮೂರು ಬರತೊಡಗಿತು.

‘ಹುಳಿ ಹಣ್ಣು ಕಣೇ, ಕೊಬ್ಬು ಕರಗಿಸ್ತದೆ. ಚೆನ್ನಾಗಿ ತಿನ್ನು,’ ಅಂತ ಯಜಮಾನರು ಬೇರೆ ಹುರಿದುಂಬಿಸಿದರು. ಅವರು ಹೇಳಿದ ಯಾವ ಮಾತನ್ನೂ ಕೇಳದವಳು ಇದೊಂದನ್ನು ಕೇಳಿದೆ. ಊಟ, ಮಾತ್ರೆ, ಅದರ ಮೇಲೆ ಅರ್ಧ ಹಣ್ಣು. ದಿನವೂ ಹೀಗೇ ನಡೆಯಿತು.

ಒಂದು ತಿಂಗಳಿಗೆ ತೊಡೆ ಹಿಡಿದುಕೊಳ್ಳತೊಡಗಿತು. ಕಂಬಳಿ ಒಗೆದಿದ್ದಕ್ಕೆ ಅಂದುಕೊಂಡೆ. ಆಮೇಲೆ ಮಣೆಯ ಮೇಲಿಂದ ಏಳಲು ಗೋಡೆ ಹಿಡಿಯಬೇಕಾಯಿತು. ವಯಸ್ಸು ಅಂದುಕೊಂಡೆ. ಡಾಕ್ಟರು ಎರಡೆರಡು ಸಲ ಹೇಳಿದ್ದು ನೆನಪಿರಲಿಲ್ಲ ಅಂತಲ್ಲ, ಮಾತ್ರೆ ನಾಲ್ಕು ತಿಂಗಳಿಂದ ಒಗ್ಗಿದೆಯಲ್ಲ ಅನ್ನುವ ಧೈರ್ಯ. ಒಂದು ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಹೋಯಿತು. ಆಗ ಹೆದರಿಕೊಂಡು ಯಜಮಾನರಿಗೆ ಹೇಳಿದೆ. ಆ ಮನುಷ್ಯ ಶರ್ಟಿನ ಗುಂಡಿಯನ್ನೂ ಹಾಕದೆ ಆಟೋ ಕರೆದರು.

‘ಬೇರೆ ಯಾವುದಾದರೂ ಮಾತ್ರೆ ತಗೊಂಡಿರಾ?’ ಡಾಕ್ಟರು ಕೇಳಿದರು.

‘ಇಲ್ಲ.’

‘ನಾಟಿ ಔಷಧಿ? ಕಷಾಯ?’

‘ಇಲ್ಲ.’

‘ಊಟಕ್ಕೆ ಏನೇನು ತಿಂತೀರಿ?’

ಮುದ್ದೆ, ಅನ್ನ, ಬಸ್ಸಾರು, ಮಜ್ಜಿಗೆ ಎಲ್ಲ ಒಪ್ಪಿಸಿದೆ. ಹಣ್ಣಿನ ವಿಷಯ ಬಾಯಿಗೆ ಬರಲಿಲ್ಲ. ಅದು ನನ್ನ ಲೆಕ್ಕದಲ್ಲಿ ಊಟವೇ ಅಲ್ಲ, ಅದು ತವರು. ಅದನ್ನು ಡಾಕ್ಟರ ಹತ್ತಿರ ಯಾರಾದರೂ ಹೇಳುತ್ತಾರೆಯೇ?

ಯಜಮಾನರೇ ಹೇಳಿದರು. ‘ಮತ್ತಿನ್ನೇನಿಲ್ಲ ಡಾಕ್ಟ್ರೇ, ಅವರಣ್ಣ ಕಳಿಸೋ ಚಕ್ಕೋತ ಒಂದು ಬುಡದಂಗೆ ತಿಂತಾಳೆ ಅಷ್ಟೆ.’

ಡಾಕ್ಟರು ಪೆನ್ನು ಕೆಳಗಿಟ್ಟರು. ‘ದಿನಾ? ಎಷ್ಟು?’

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ನಾವು ನುಂಗಿದ ಮಾತ್ರೆಯನ್ನು ಮೈ ಸ್ವಲ್ಪ ಸ್ವಲ್ಪವಾಗಿ ಒಡೆದು ಹೊರಗೆ ಹಾಕುತ್ತದೆ. ಗ್ರೇಪ್‌ಫ್ರೂಟ್ ಅನ್ನುವ ಹಣ್ಣು ಆ ಕೆಲಸಕ್ಕೆ ಅಡ್ಡ ಬರುತ್ತದೆ, ನಮ್ಮ ಚಕ್ಕೋತವೂ ಅದೇ ಕುಲದ್ದು. ಮಾತ್ರೆ ಒಡೆಯದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಒಂದು ನುಂಗಿದರೆ ನಾಲ್ಕೈದು ನುಂಗಿದಂತೆ. ಅದು ಮಾಂಸಖಂಡವನ್ನು ಹಾಳು ಮಾಡುತ್ತದೆ, ಬಿಟ್ಟರೆ ಮೂತ್ರಪಿಂಡಕ್ಕೂ ಹೋಗುತ್ತದೆ. ಎಲ್ಲ ಸ್ಟಾಟಿನ್ನಿಗೂ ಹೀಗಾಗುವುದಿಲ್ಲ, ನಾನು ತಗೊಳ್ಳುತ್ತಿದ್ದುದಕ್ಕೆ ಆಗುತ್ತದೆ. ಮಾತ್ರೆಯನ್ನು ಅವತ್ತೇ ನಿಲ್ಲಿಸಿ ಮೈಸೂರಿನ ಆಸ್ಪತ್ರೆಗೆ ಕಳಿಸಿದರು. ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಮೂತ್ರಪಿಂಡ ಉಳಿಯಿತು.

‘ಕಾಲು ನೋವು ಪೂರ್ತಿ ಹೋಗಿ, ರಕ್ತ ಇನ್ನೊಂದು ಸಲ ನೋಡಿ, ಆಮೇಲೆ ಬೇರೆ ಮಾತ್ರೆ ಕಮ್ಮಿ ಪವರಿಂದ ಶುರು ಮಾಡೋಣ,’ ಅಂದರು ವಾಪಸ್ಸು ಬಂದಾಗ. ‘ಹಣ್ಣು ಮಾತ್ರ ಬೇಡವೇ ಬೇಡ. ಅಂದಹಾಗೆ, ಅಣ್ಣನಿಗೆ ಟೆಸ್ಟ್ ಮಾಡಿಸಿದ್ರಾ?’

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮುಂದಿನ ಸಲ ಚೀಲ ಬಂದಾಗ ಯಜಮಾನರು ತಾವೇ ಹೋಗುವುದಾಗಿ ಹೇಳಿದರೂ ಕೇಳದೆ ಕಾಲೆಳೆದುಕೊಂಡು ನಾನೇ ಬಸ್ ಸ್ಟ್ಯಾಂಡಿಗೆ ಹೋದೆ. ಹೇಳಬೇಕಾದದ್ದು ಎರಡು ಮಾತು. ಹಣ್ಣು ಕಳಿಸಬೇಡ, ರಕ್ತ ಪರೀಕ್ಷೆ ಮಾಡಿಸು. ದಾರಿಯುದ್ದಕ್ಕೂ ಎರಡನ್ನೂ ಹೇಳಿಕೊಂಡೇ ಹೋದೆ. ನಂಜುಂಡನ ಎದುರಿಗೆ ನಿಂತಾಗ ನನ್ನ ಹಾಳು ತಲೆ ಬೇರೆ ಲೆಕ್ಕ ಹಾಕಿತು.

‘ಇನ್ನು ಮೇಲೆ ಹಣ್ಣು ಕಳಿಸಬೇಡ ಅಂದಳು ಅಂತ ಹೇಳಪ್ಪ.’

‘ಯಾಕಂತೆ ಅಂದ್ರೆ ಏನಂತ ಯೋಳ್ಲಿ ಅಕ್ಕ?’

‘ಬೇಕಾದರೆ ಅವನೇ ಬಂದು ಕೇಳಲಿ.’

ಬರುತ್ತಾನೆ ಅಂತ ನನಗೆ ಖಾತ್ರಿಯಿತ್ತು. ಕೋಪ ಮಾಡಿಕೊಂಡಾದರೂ ಬರುತ್ತಾನೆ. ಅವ್ವನ ಮರದ ಹಣ್ಣು ಬೇಡ ಅನ್ನೋಕೆ ನಿನಗೆ ಎಷ್ಟು ಕೊಬ್ಬು ಅಂತ ಬಾಗಿಲಲ್ಲೇ ಕೂಗುತ್ತಾನೆ. ಆಗ ಕೂರಿಸಿ, ನೀರು ಕೊಟ್ಟು, ಎಲ್ಲ ಹೇಳಿ, ಕೈಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಒಂಬತ್ತು ವರ್ಷದ ಗಂಟು ಹೀಗೆ ಬಿಚ್ಚಿಕೊಳ್ಳುತ್ತದೆ ಅಂತ ನಾನೇ ನಾಟಕ ಬರೆದು, ನಾನೇ ಪಾತ್ರ ಹಂಚಿಬಿಟ್ಟಿದ್ದೆ.

ಎರಡು ದಿನ ಬಿಟ್ಟು ನಂಜುಂಡ ಹೇಳಿದ. ‘ಯೋಳ್ದೆ ಅಕ್ಕ. ಆಗ್ಲಿ ಅಂದ್ರು. ಅಷ್ಟೇಯ, ಮಿಲ್ ಒಳೀಕ್ ಒಂಟೋದ್ರು.’

ಆಗಲಿ. ಅವ್ವನನ್ನು ಮಣ್ಣು ಮಾಡುವಾಗ ಹಿರಿಯರಿಗೆ ಅಂದದ್ದೂ ಅದನ್ನೇ.

ಅವತ್ತಿನಿಂದ ಏನೂ ಬರಲಿಲ್ಲ. ಹಣ್ಣಿಲ್ಲ, ಅಣ್ಣನಿಲ್ಲ. ಬೆಳಿಗ್ಗೆ ಹತ್ತೂವರೆಗೆ ನರಸೀಪುರದ ಬಸ್ಸಿನ ಹಾರನ್ ನಮ್ಮ ಬೀದಿಗೆ ಕೇಳುತ್ತದೆ. ಆ ಹೊತ್ತಿಗೆ ಏನೋ ನೆಪ ಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಬೀದಿಯ ತಿರುವಿನಲ್ಲಿ ಬಿಳಿ ಪಂಚೆ ಕಂಡರೆ ಎದೆ ಹಾರುತ್ತಿತ್ತು. ಹತ್ತಿರ ಬಂದರೆ ಯಾರೋ. ಜೊತೆಯಲ್ಲಿದ್ದಾಗ ನನ್ನ ಅಣ್ಣನ ಜೊತೆ ನಾನು ಜಗಳವಾಡದ ದಿನವಿಲ್ಲ. ಆ ಜಗಳಕ್ಕೇ ಜೀವ ಬಿಡುವಷ್ಟು ಆಸೆಯಾಗುತ್ತಿತ್ತು. ಹಣ್ಣು ಬರುತ್ತಿದ್ದಾಗ ಕೊನೇಪಕ್ಷ ಅವನು ಮರದ ಕೆಳಗೆ ನಿಂತು ನನಗಾಗಿ ಎರಡು ಆರಿಸುತ್ತಾನೆ ಅನ್ನುವುದಿತ್ತು. ಅದನ್ನೂ ನನ್ನ ಕೈಯಾರೆ ನಿಲ್ಲಿಸಿದ್ದೆ.

ಡಿಸೆಂಬರಿನಲ್ಲಿ ಕಾಲು ಸರಿಹೋಯಿತು. ಹೊಸ ಮಾತ್ರೆ ಶುರುವಾಯಿತು, ಸಣ್ಣದು, ಅದೇ ರಾತ್ರಿ ಊಟ ಆದಮೇಲೆ ಒಂದು. ಹೊತ್ತು ಹೋಗದೆ ಒಂದು ದಿನ ಕೆಲಸವಿಲ್ಲದಿದ್ದರೂ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ನಂಜುಂಡ ನನ್ನನ್ನು ನೋಡಿ ಇಳಿದು ಬಂದ.

‘ಅಕ್ಕ, ನಿಮ್ಗೆ ಯೋಳ್ಬೇಕೋ ಬ್ಯಾಡ್ವೋ ಗೊತ್ತಿಲ್ಲ. ಮೊನ್ನೆ ನಿಮ್ಮಣ್ಣ ಮೂಟೆ ಎತ್ತಕ್ಕೋಗಿ ಎದೆ ಇಡ್ಕಂಡು ಕೂತ್ಬುಟ್ರು. ಗ್ಯಾಸು ಅಂತ ಸೋಡಾ ಕುಡುದ್ರು. ಈಗ ಚೆಂದಾಗವ್ರೆ.’

ಗದ್ದೆಯ ಬದು ಕಣ್ಣ ಮುಂದೆ ಬಂತು. ಅಪ್ಪನೂ ಅದಕ್ಕೆ ಒಂದು ವಾರ ಮುಂಚೆ ಗ್ಯಾಸು ಅಂತಲೇ ಶುಂಠಿ ಕಷಾಯ ಕುಡಿದಿದ್ದರು. ನಾನು ಮನೆಗೆ ಹೋಗಲಿಲ್ಲ, ಸೀರೆ ಬದಲಿಸಲಿಲ್ಲ. ಆ ಬಸ್ಸಿಗೇ ಹತ್ತಿ ಕೂತೆ. ಯಜಮಾನರಿಗೆ ಫೋನು ಮಾಡಿ ಹೇಳು ಅಂತ ಸ್ಟ್ಯಾಂಡಿನ ಅಂಗಡಿಯವನಿಗೆ ಕಿಟಕಿಯಿಂದಲೇ ಕೂಗಿದೆ.

ನರಸೀಪುರದ ಮನೆಯ ಬಾಗಿಲಲ್ಲಿ ಅತ್ತಿಗೆ ಶಿವನಂಜಮ್ಮ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗೆ ಬಿಟ್ಟರು. ಆ ಹೊಸಿಲು ನೋಡಿ ನನ್ನ ಕಾಲು ಒಂದು ಗಳಿಗೆ ನಿಂತಿತು. ಆಮೇಲೆ ತುಳಿದೆ. ಆಡಿದ ಮಾತು ಹಾಳಾಗಿಹೋಗಲಿ.

ಒಳಗಿನಿಂದ ಹಿತ್ತಲು ಕಾಣುತ್ತಿತ್ತು. ಮರದ ಕೆಳಗೆ ಹಣ್ಣು ಉದುರಿ ರಾಶಿ ಬಿದ್ದು ಕೊಳೆಯುತ್ತಿದ್ದವು.

‘ನೀನು ಬ್ಯಾಡ ಅಂದ್ಮೇಲೆ ಯಾರ್ಗೂ ಕೀಳಕ್ ಬುಡ್ನಿಲ್ಲ ಕಣವ್ವ,’ ಅಂದರು ಅತ್ತಿಗೆ. ‘ಮಾರಕ್ಕೂ ಇಲ್ಲ, ಕೊಡಕ್ಕೂ ಇಲ್ಲ. ನೀನಾರಾ ಯೋಳು ಅವರ್ಗೆ.’

ಅಣ್ಣ ಮಿಲ್ಲಿನಲ್ಲಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ಹಿಟ್ಟು ಅಂದುಕೊಂಡೆ, ಹತ್ತಿರ ಹೋದರೆ ಹಿಟ್ಟಲ್ಲ. ಮಿಷನ್ ಆಫ್ ಮಾಡಿ ನನ್ನನ್ನು ನೋಡಿದ.

‘ಯಾವಾಗ ಬಂದೆ?’ ಅಂದ, ಹೋದ ವಾರ ಬಂದು ಹೋದವಳನ್ನು ಕೇಳುವ ಹಾಗೆ.

ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಮಾತ್ರೆ, ಹಣ್ಣು, ಆಸ್ಪತ್ರೆ, ಅಪ್ಪನ ರಕ್ತ, ಡಾಕ್ಟರು ಜೂನಿನಲ್ಲೇ ಹೇಳಿದ್ದು, ನಾನು ಹೇಳದೆ ಉಳಿದದ್ದು. ಅವನು ಕೇಳಿಸಿಕೊಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡ.

‘ನೀನು ಉಸಾರಾದ್ಯಲ್ಲ, ಸಾಕು. ನಂಗೇನೂ ಬ್ಯಾಡ ಬುಡು. ಅಪ್ಪ ಓದಂಗೆ ಸುಮ್ಕೆ ಕುಂತಲ್ಲೇ ಓಗ್ಬುಟ್ರೆ ಪುಣ್ಯ.’

‘ಪುಣ್ಯವಂತೆ!’ ನನಗೆ ಮೈಯೆಲ್ಲ ಉರಿಯಿತು. ‘ಅವ್ವನ ಮಣ್ಣಿಗಂತೂ ನೀನು ನನ್ನ ಕಾಯಲಿಲ್ಲ. ಈಗ ನೀನೂ ಹಂಗೇ ಹೋಗಿಬಿಡು. ನಾನು ಮತ್ತೆ ಬಸ್ಸು ಹಿಡಿದು ಬರ್ತೀನಿ, ಮತ್ತೆ ಮಣ್ಣು ಮುಚ್ಚಿರಲಿ. ಅದನ್ನೇ ತಾನೇ ನಿನಗೆ ಮಾಡೋಕೆ ಬರೋದು?’

ಅಣ್ಣ ಟವೆಲ್ಲನ್ನು ಮೂಟೆಯ ಮೇಲೆ ಹಾಕಿದ. ಆಮೇಲೆ ಗೂಟದಿಂದ ಶರ್ಟು ತೆಗೆದು ಹಾಕಿಕೊಂಡ. ‘ನಡಿ,’ ಅಂದ.

ಅವತ್ತೇ ಮೈಸೂರಿಗೆ ಹೋದೆವು. ಇಸಿಜಿ ತೆಗೆದರು, ಮಾರನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರು. ಇನ್ನೂರ ತೊಂಬತ್ತೆಂಟು. ಹೃದಯದ ರಕ್ತನಾಳ ಕಟ್ಟಿಕೊಳ್ಳಲು ಶುರುವಾಗಿದೆ, ಈಗಲೇ ಬಂದದ್ದು ಒಳ್ಳೆಯದಾಯಿತು, ಮಾತ್ರೆ ಒಂದು ದಿನವೂ ತಪ್ಪಬಾರದು ಅಂದರು. ಚಕ್ಕೋತದ ವಿಷಯ ನಾನು ಮೂರು ಸಲ ಕೇಳಿದ್ದಕ್ಕೆ ಆ ಡಾಕ್ಟರು ನಕ್ಕು, ತಿನ್ನಬಾರದು ಅಂತ ಚೀಟಿಯ ಮೇಲೆ ಬರೆದೇ ಕೊಟ್ಟರು.

ಅಣ್ಣ ಮರೆಗುಳಿ. ಮೇಲಾಗಿ ನುಂಗದೆ ನುಂಗಿದೆ ಅನ್ನುವ ಪೈಕಿ. ಅದಕ್ಕೆ ನಾನೊಂದು ಕಟ್ಟಳೆ ಮಾಡಿದೆ. ರಾತ್ರಿ ಊಟ ಮಾಡಿ, ಮಾತ್ರೆ ನುಂಗಿ, ಅವನು ತನ್ನ ಮೊಬೈಲಿನಿಂದ ನಮ್ಮ ಮನೆಯ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಎರಡು ರಿಂಗು, ಆಮೇಲೆ ಕಟ್. ಎಂಟೂವರೆಯ ಒಳಗೆ. ಅವನು ತಪ್ಪಿಸಲಿಲ್ಲ. ಎರಡು ರಿಂಗು ಬಂದ ಕೂಡಲೇ ನಾನೂ ನನ್ನದನ್ನು ನುಂಗುತ್ತಿದ್ದೆ. ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ. ಮಾತನಾಡಬೇಕು ಅಂತ ಕೈ ಹಸಿರು ಗುಂಡಿಯ ತನಕ ಹೋಗುತ್ತಿತ್ತು. ಮೈಸೂರಿನಲ್ಲಿ ಎರಡು ದಿನ ಪಕ್ಕಪಕ್ಕ ಬೆಂಚಿನಲ್ಲಿ ಕೂತಾಗಲೂ ನಾವು ಆಡಿದ್ದು ರಕ್ತದ ಮಾತು, ಬಸ್ಸಿನ ಮಾತು. ಆಡಬೇಕಾದದ್ದು ಹಾಗೇ ಉಳಿದಿತ್ತು, ಅದನ್ನು ಯಾರು ಮೊದಲು ಎತ್ತಬೇಕು?

ಫೆಬ್ರವರಿಯ ಒಂದು ರಾತ್ರಿ ಎಂಟೂವರೆಯಾದರೂ ರಿಂಗು ಬರಲಿಲ್ಲ. ಒಂಬತ್ತಾಯಿತು.

‘ನೀನೇ ಮಾಡು,’ ಅಂದರು ಯಜಮಾನರು.

ಮಾಡಲು ಧೈರ್ಯವಿಲ್ಲ. ಅತ್ತಿಗೆ ಎತ್ತಿ ಅಳುತ್ತಾ ಮಾತನಾಡಿದರೆ? ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ನನ್ನ ಮಾತ್ರೆ ಅಂಗೈಯಲ್ಲಿ ಬೆವರಿಗೆ ಒದ್ದೆಯಾಯಿತು. ಒಂಬತ್ತೂ ಹತ್ತಕ್ಕೆ ಫೋನು ಹೊಡೆದುಕೊಂಡಿತು. ಎರಡನೇ ರಿಂಗಿಗೆ ಕಾಯಲಿಲ್ಲ, ಎತ್ತಿಬಿಟ್ಟೆ.

‘ಯಾಕೆ ಎತ್ತುದ್ದೆ? ಮಿಸ್ ಕಾಲು ಅದು,’ ಅಂದ ಅಣ್ಣ, ಗಾಬರಿಯಲ್ಲಿ.

‘ಇಷ್ಟು ಹೊತ್ತು ಯಾಕೆ? ನನ್ನ ಜೀವ ತೆಗೀಬೇಕು ಅಂತಿದ್ದೀಯಾ?’

‘ಕರೆಂಟಿರ್ನಿಲ್ಲ. ಕತ್ಲಲ್ಲಿ ಮಾತ್ರೆ ಕೈಗೆ ಸಿಕ್ನಿಲ್ಲ. ಈಗ ನುಂಗ್ದೆ.’

‘ಸರಿ.’

ಅವನೂ ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು.

‘ಗೌರಿ,’ ಅಂದ ಕೊನೆಗೆ. ‘ಅವ್ವನ ಮಖ ಎಂಗಿತ್ತು ಅಂತ ನೀನು ಒಂದಿನಾನೂ ಕೇಳ್ನೇ ಇಲ್ಲ.’

‘ಯಾರನ್ನ ಕೇಳಲಿ?’ ಅಂದೆ.

‘ನೀನು ಕೊಟ್ಟಿದ್ಯಲ್ಲ ಅಸ್ರು ಸೀರೆ, ಅದ್ನೇ ಉಡ್ಸಿದ್ವಿ. ಅಣೆ ತುಂಬ ಇಬೂತಿ. ಬೆಳಿಗ್ಗೆ ತಾನೇ ತಲೆ ಬಾಚ್ಕಂಡಿದ್ಲು, ಒಂದು ಕೂದ್ಲೂ ಆಚೀಚೆ ಆಗಿರ್ನಿಲ್ಲ. ಬಾಯಿ ಒಸಿ ತೆರ್ದಂಗಿತ್ತು, ಯಾರ್ನೋ ಬೈಯಕ್ಕೆ ಒಂಟಂಗೆ.’

ನಾನು ಅಳುತ್ತಿದ್ದೆ, ನಗುವೂ ಬಂತು. ‘ನನ್ನನ್ನೇ ಇರಬೇಕು,’ ಅಂದೆ, ‘ತಡ ಮಾಡಿದ್ದಕ್ಕೆ.’

‘ಊಹೂಂ, ನಿನ್ನಲ್ಲ. ಗ್ವಾಡೆಗೆ ಒರಗ್ಸಿ ಕೂರ್ಸಿದ್ಮೇಲೂ ಮಖ ಬಾಗ್ಲು ಕಡೀಕೇ ಇತ್ತು ಕಣವ್ವ. ಅದ್ನ ಕಂಡೂ ನಾನು ಆಗ್ಲಿ ಅಂದ್ಬುಟ್ಟೆ. ಅವತ್ತು ಬೆಳಿಗ್ಗೆ ಅವ್ವ ನಿನ್ ಇಚಾರವೇ ತೆಗ್ದು ಏನಂದ್ಲು ಅಂದ್ರೆ—’

ಮಾತು ಕಡಿಯಿತು. ಅವನ ಫೋನಿನಲ್ಲಿ ಕರೆನ್ಸಿ ಮುಗಿದಿತ್ತು. ಮಿಸ್ಡ್ ಕಾಲ್ ಕೊಡುವವನು ಎಷ್ಟು ಹಾಕಿಸಿಕೊಂಡಿರುತ್ತಾನೆ?

ಯಜಮಾನರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ನಾನು ಅಂಗೈಯ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಮೂಗು ಒರೆಸಿಕೊಂಡು ಅವನ ನಂಬರು ಒತ್ತಿದೆ. ಮೊದಲ ರಿಂಗಿಗೇ ಎತ್ತಿದ.

‘ಹೇಳು ಅಣ್ಣಯ್ಯ,’ ಅಂದೆ, ‘ಅವ್ವ ಏನಂದ್ಲು?’